ಯಾರ ಪಾಲಿಗೆ ಪರಭಾಷೆ?



ಕಳೆದ ಮೂರು ಕೂಟಗಳಲ್ಲಿ ನಾವು ಪುಸ್ತಕ ತೆರೆಯಲಿಲ್ಲ, ಸಿನಿಮಾ ನೋಡಿದೆವು. ಬರಲಾಗದವರು, ಅದರಲ್ಲೂ ಮೊಂಬಾಸ, ಕಿಸುಮು ಕಡೆಯ ಗೆಳೆಯರು, ಏನೇನು ನಡೆಯಿತು ಬರೆಯಿರಿ ಎಂದು ಕೇಳುತ್ತಲೇ ಇದ್ದಾರೆ. ಈ ಸಲದ ಪತ್ರ ಪೂರ್ತಿ ಅದರ ಬಗ್ಗೆಯೇ. ವರದಿಗಿಂತ ತಕರಾರು ಜಾಸ್ತಿ ಇದೆ, ಹೊಂದಿಸಿಕೊಂಡು ಓದಿಕೊಳ್ಳಿ.

ಎರಡನೆಯ ಸಂಜೆಯಿಂದ ಶುರು ಮಾಡುತ್ತೇವೆ. ಅಂದು ಪಾರ್ಕ್‌ಲ್ಯಾಂಡ್ಸ್‌ನ ಗೆಳೆಯರ ಮನೆಯಲ್ಲಿ 'ನೈರೋಬಿ ಹಾಫ್ ಲೈಫ್' ಹಾಕಿದ್ದೆವು. ದೊಡ್ಡವರು ಸೋಫಾದ ಮೇಲೆ, ಹೈಸ್ಕೂಲು ಓದುವ ಮಕ್ಕಳು ಕೆಳಗೆ ಜಮಖಾನೆಯ ಮೇಲೆ. ಹತ್ತು ನಿಮಿಷವಾಗಿರಬಹುದು, ಒಂದು ಸಂಗತಿ ಗಮನಕ್ಕೆ ಬಂತು. ನಗೆ ಬರುವ ಜಾಗದಲ್ಲೆಲ್ಲ ಮಕ್ಕಳು ಮೊದಲು ನಗುತ್ತಿದ್ದರು. ನಾವು ಕೆಳಗಿನ ಇಂಗ್ಲಿಷ್ ಸಾಲು ಓದಿ ಮುಗಿಸಿ, ಅರ್ಧ ಉಸಿರು ತಡವಾಗಿ ನಗುತ್ತಿದ್ದೆವು. ಮುಂದಿನ ತಿಂಗಳು 'ಘಟಶ್ರಾದ್ಧ'. ಅಂದು ತಿರುಗುಮುರುಗು. ನಮ್ಮ ಗಂಟಲು ಮೊದಲು ಕಟ್ಟುತ್ತಿತ್ತು. ಮಕ್ಕಳು ಸಾಲು ಓದಿ, ಒಮ್ಮೆ ನಮ್ಮ ಮುಖ ನೋಡಿ, ಆಮೇಲೆ ಸುಮ್ಮನಾಗುತ್ತಿದ್ದರು. ಅದೇ ಕೋಣೆ, ಅವೇ ಮನೆಯವರು. ಪರಭಾಷಾ ಚಿತ್ರ ಎಂಬ ಮಾತನ್ನು ಇಷ್ಟು ವರ್ಷ ಎಷ್ಟು ಸಲೀಸಾಗಿ ಬಳಸಿದ್ದೇವೆ! ಅದು ನಮ್ಮ ನಡುಮನೆಯಲ್ಲೇ ಬಂದು ಕೂತಿರುವುದು ಅಂದು ಕಂಡಿತು.

ಈ ಸಿನಿಮಾ ಸರಣಿ ಹುಟ್ಟಿದ್ದಕ್ಕೆ ಕಾರಣ ಆಸ್ಕರ್. 2023ರ ಜನವರಿ ನಿಮಗೂ ನೆನಪಿರಬೇಕು. 'ಕಾಂತಾರ' ಆಸ್ಕರ್ ಅಂಗಳಕ್ಕೆ ಬಂತು, 'ವಿಕ್ರಾಂತ್ ರೋಣ'ವೂ ಬಂತು ಎಂದು ಎಲ್ಲರ ಫೋನಿಗೂ ಸಂದೇಶ ಬಂದಿತ್ತು, ನಾವೂ ನಾಲ್ಕು ಜನರಿಗೆ ದಾಟಿಸಿ ಖುಷಿಪಟ್ಟಿದ್ದೆವು. ವಿಷಯ ಇಷ್ಟೇ: ಅಕಾಡೆಮಿ ಪ್ರತಿವರ್ಷ ಅರ್ಹ ಚಿತ್ರಗಳ ದೊಡ್ಡ ಪಟ್ಟಿ ಹೊರಡಿಸುತ್ತದೆ. ಆ ವರ್ಷ ಅದರಲ್ಲಿ 301 ಕಥಾಚಿತ್ರಗಳಿದ್ದವು. ಪಟ್ಟಿಯಲ್ಲಿರುವುದೆಂದರೆ ಮದುವೆಮನೆಯ ಬಾಗಿಲಲ್ಲಿ ನಿಂತಂತೆ, ಊಟದ ಎಲೆ ಹಾಕಿದಂತಲ್ಲ. ಎರಡು ಚಿತ್ರಗಳಿಗೂ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಆದರೆ ಆ ಗದ್ದಲದಲ್ಲಿ ನಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಹಾಗೇ ಉಳಿಯಿತು: "ವಿದೇಶಿ ಭಾಷಾ ಚಿತ್ರದ ಬಹುಮಾನಕ್ಕೆ ಭಾರತ ಯಾವತ್ತಾದರೂ ಕನ್ನಡ ಚಿತ್ರ ಕಳಿಸಿದೆಯೇ?"

ಕಳಿಸಿಲ್ಲ. 1957ರ 'ಮದರ್ ಇಂಡಿಯಾ'ದಿಂದ 2025ರ 'ಹೋಮ್‌ಬೌಂಡ್'ವರೆಗಿನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದೆವು. ಹಿಂದಿ ಇದೆ, ಬಂಗಾಳಿ ಇದೆ, ತಮಿಳು ಹಲವು ಸಲ ಇದೆ, ಮಲಯಾಳ, ತೆಲುಗು, ಮರಾಠಿ, ಗುಜರಾತಿ, 2018ರಲ್ಲಿ ಅಸ್ಸಾಮಿ. ಕನ್ನಡ ಒಂದೂ ಇಲ್ಲ. ಹಾಗೆಂದು ದೇಶದೊಳಗೆ ಕನ್ನಡ ಸಿನಿಮಾಕ್ಕೆ ಮರ್ಯಾದೆ ಸಿಗಲಿಲ್ಲವೇ ಎಂದರೆ ಅದೂ ಅಲ್ಲ. ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಆರು ಸಲ ಕನ್ನಡಕ್ಕೆ ಬಂದಿದೆ: 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿಸಾಹೇಬ' (1997), 'ದ್ವೀಪ' (2001). ಇವುಗಳಲ್ಲಿ ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ಹೊಟ್ಟೆ ಉರಿಸುವ ಮಾತೆಂದರೆ 1970ರಲ್ಲಿ, 1975ರಲ್ಲಿ ಭಾರತ ಆಸ್ಕರ್‌ಗೆ ಯಾವ ಚಿತ್ರವನ್ನೂ ಕಳಿಸಲೇ ಇಲ್ಲ. ಎಲೆ ಖಾಲಿ ಇತ್ತು, ಬಡಿಸುವವರು ಇರಲಿಲ್ಲ.

ಇಷ್ಟಾದ ಮೇಲೆ, ಹಾಗಾದರೆ ಈ ಬಹುಮಾನ ಭಾಷೆಗೋ ದೇಶಕ್ಕೋ ಎಂಬ ಚರ್ಚೆ ಎದ್ದಿತು. 2019ರ ತನಕ ಇದರ ಹೆಸರು 'ಅತ್ಯುತ್ತಮ ವಿದೇಶಿ ಭಾಷಾ ಚಿತ್ರ'. 'ವಿದೇಶಿ' ಎನ್ನುವುದು ಹಳೆಯ ಕಾಲದ ಮಾತಾಯಿತೆಂದು ಆ ವರ್ಷ 'ಅಂತಾರಾಷ್ಟ್ರೀಯ ಚಿತ್ರ' ಎಂದು ಬದಲಿಸಿದರು. ಹೆಸರಿನ ಜೊತೆ ನಿಯಮ ಬದಲಾಗಲಿಲ್ಲ: ದೇಶಕ್ಕೊಂದು ಚಿತ್ರ, ಅರ್ಧಕ್ಕಿಂತ ಹೆಚ್ಚು ಮಾತು ಇಂಗ್ಲಿಷ್ ಅಲ್ಲದ್ದಾಗಿರಬೇಕು. ಅದೇ ವರ್ಷ ನೈಜೀರಿಯ ಮೊದಲ ಬಾರಿಗೆ ಒಂದು ಚಿತ್ರ ಕಳಿಸಿತು, ಜೆನೆವೀವ್ ನಾಜಿಯವರ 'ಲಯನ್‌ಹಾರ್ಟ್'. ಅದರಲ್ಲಿ ಇಗ್ಬೊ ಮಾತು ಸುಮಾರು ಹನ್ನೊಂದು ನಿಮಿಷ, ಉಳಿದದ್ದು ಇಂಗ್ಲಿಷ್. ಹೊರಗಿಟ್ಟರು. ಬ್ರಿಟಿಷರು ಬಿಟ್ಟುಹೋದ ಇಂಗ್ಲಿಷನ್ನೇ ಆಡಿ ಬದುಕುವ ದೇಶಕ್ಕೆ ಅದು ನಿನ್ನ ಭಾಷೆಯಲ್ಲ ಎಂದು ಅಮೆರಿಕದವರು ಹೇಳಿದಂತಾಯಿತು.

ಇನ್ನೊಂದು ಕಡೆ ಬೇರೆಯೇ ಆಟ. 2006ರವರೆಗೆ ಒಂದು ದೇಶ ತನ್ನದಲ್ಲದ ಭಾಷೆಯ ಚಿತ್ರ ಕಳಿಸುವಂತಿರಲಿಲ್ಲ. ಆ ನಿಯಮ ಸಡಿಲಿಸಿದ ಕೂಡಲೇ ಕೆನಡ ಹಿಂದಿ ಚಿತ್ರವೊಂದನ್ನು ಕಳಿಸಿತು: ದೀಪಾ ಮೆಹ್ತಾ ಅವರ 'ವಾಟರ್'. ಅದು 2007ರಲ್ಲಿ ಅಂತಿಮ ಐದರಲ್ಲಿ ನಿಂತಿತು. 2024ರಲ್ಲಿ ಭಾರತ 'ಲಾಪತಾ ಲೇಡೀಸ್' ಕಳಿಸಿದಾಗ ಬ್ರಿಟನ್ ಕಳಿಸಿದ್ದೂ ಒಂದು ಹಿಂದಿ ಚಿತ್ರವೇ, ಸಂಧ್ಯಾ ಸೂರಿಯವರ 'ಸಂತೋಷ್'. ಹದಿನೈದರ ಪಟ್ಟಿಗೆ ಬಂದದ್ದು ಬ್ರಿಟನ್ನಿನ ಹಿಂದಿ, ಭಾರತದ ಹಿಂದಿಯಲ್ಲ. 2025ರಲ್ಲಿ ಜಾಫರ್ ಪನಾಹಿ ಇರಾನಿನಲ್ಲಿ ಕದ್ದುಮುಚ್ಚಿ ತೆಗೆದ ಪರ್ಷಿಯನ್ ಚಿತ್ರವನ್ನು ಫ್ರಾನ್ಸ್ ತನ್ನದಾಗಿ ಕಳಿಸಿತು. ಹೀಗಿರುವಾಗ ನಮ್ಮಲ್ಲೊಬ್ಬರು ತಮಾಷೆಗೆ ಅಂದರು: ಕನ್ನಡ ಚಿತ್ರ ಆಸ್ಕರ್‌ಗೆ ಹೋಗಲು ಹತ್ತಿರದ ದಾರಿ ನೈರೋಬಿಯೇ ಇರಬೇಕು, ನಾವೇ ಒಂದು ತೆಗೆದರೆ ಕೀನ್ಯಾ ಕಳಿಸಬಹುದು. ನಕ್ಕೆವು. ಆದರೆ ಲೆಕ್ಕ ಹಾಕಿ ನೋಡಿದರೆ ಅದು ತೀರ ಹುಚ್ಚು ಮಾತೂ ಅಲ್ಲ.

ಈಗ ಮೊದಲ ಸಂಜೆಗೆ ಬರೋಣ. ಅಂದು ನೋಡಿದ್ದು ಈ ಬಹುಮಾನವನ್ನು ಗೆದ್ದೇ ಬಿಟ್ಟ ಕೀನ್ಯಾದ ಕತೆ. ಗೆದ್ದದ್ದು ಮಾತ್ರ ಜರ್ಮನಿ. ಕ್ಯಾರೊಲಿನೆ ಲಿಂಕ್ ನಿರ್ದೇಶಿಸಿದ 'ನಿರ್ಗೆಂಡ್‌ವೊ ಇನ್ ಆಫ್ರಿಕಾ', ಇಂಗ್ಲಿಷಿನಲ್ಲಿ 'ನೋವೇರ್ ಇನ್ ಆಫ್ರಿಕಾ'. 2001ರ ಚಿತ್ರ, 2003ರ ಮಾರ್ಚಿನಲ್ಲಿ ಆಸ್ಕರ್. ಸ್ಟೆಫಾನಿ ಜ್ವೈಗ್ ತಮ್ಮ ಬಾಲ್ಯವನ್ನೇ ಆಧರಿಸಿ ಬರೆದ ಕಾದಂಬರಿ ಇದಕ್ಕೆ ಮೂಲ. 1938ರಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಒಂದು ಯಹೂದಿ ಸಂಸಾರ ಕೀನ್ಯಾಕ್ಕೆ ಬರುತ್ತದೆ. ಅಪ್ಪ ವಾಲ್ಟರ್ ಅಲ್ಲಿ ವಕೀಲ, ಇಲ್ಲಿ ಯಾರದೋ ಜಮೀನಿನಲ್ಲಿ ಮೇಲ್ವಿಚಾರಕ. ಅಮ್ಮ ಯೆಟ್ಟೆಲ್‌ಗೆ ಊರು ಬಿಡುವಾಗ ಏನು ತರಬೇಕೆಂಬುದೇ ತಿಳಿಯದೆ ಪಿಂಗಾಣಿ ತಟ್ಟೆಗಳನ್ನೂ ಹೊಸ ಸಂಜೆಯುಡುಪನ್ನೂ ತಂದಿದ್ದಾಳೆ. (ಕುಕ್ಕರ್, ಒಬ್ಬಟ್ಟಿನ ಲಟ್ಟಣಿಗೆ, ಮೈಸೂರು ಸಿಲ್ಕು ಹೊತ್ತು ಬಂದಿಳಿದ ನಮ್ಮಲ್ಲಿ ಕೆಲವರಿಗೆ ಇಲ್ಲಿ ಕೆಮ್ಮು ಬಂತು.) ಮಗಳು ರೆಗೀನಾ ಮಾತ್ರ ಬಂದ ದಿನವೇ ಅಡುಗೆಯವ ಒವೂರ್‌ನ ತೋಳಿಗೆ ಹಾರಿ, ಅವನ ಭಾಷೆ ಕಲಿತು, ಈ ಊರಿನವಳೇ ಆಗಿಬಿಡುತ್ತಾಳೆ. ಯುದ್ಧ ಶುರುವಾದಾಗ ಜರ್ಮನರೆಂಬ ಕಾರಣಕ್ಕೆ ಇವರನ್ನೇ ಬ್ರಿಟಿಷರು ಕೂಡಿಹಾಕುತ್ತಾರೆ. ಹೆಂಗಸರು ಮಕ್ಕಳನ್ನು ಇಟ್ಟದ್ದು ನಮ್ಮ ನಾರ್ಫೋಕ್ ಹೋಟೆಲಿನಲ್ಲಿ. ಇಂದೂ ಅದರ ಮುಂದೆ ದಿನಾ ಓಡಾಡುತ್ತೇವೆ, ಈ ಕತೆ ನಮಗೆ ಗೊತ್ತಿರಲಿಲ್ಲ.

ಚಿತ್ರ ಚೆನ್ನಾಗಿದೆ. ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಮುಂದೆ ಬೈಯುವುದಿದೆ. ವಲಸೆ ಬಂದ ಗಂಡ ಹೆಂಡತಿ ಹೇಗೆ ಒಬ್ಬರಿಗೊಬ್ಬರು ಅಪರಿಚಿತರಾಗುತ್ತಾರೆ ಎಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರ ನಾವು ಹೆಚ್ಚು ನೋಡಿಲ್ಲ. ವಾಲ್ಟರ್ ತನ್ನ ವಕೀಲಿ ನಿಲುವಂಗಿಯನ್ನು ಒವೂರ್‌ಗೆ ಕೊಡುವುದು, ಅವನು ಅದನ್ನು ಹೊದ್ದು ಗಂಭೀರವಾಗಿ ನಡೆಯುವುದು, ಎರಡೂ ಮರೆಯುವಂಥದ್ದಲ್ಲ. ಮರಳಬೇಕೇ ಉಳಿಯಬೇಕೇ ಎಂಬ ಜಗಳದಲ್ಲಿ ಮೊದಲು ಈ ನೆಲವನ್ನು ದ್ವೇಷಿಸಿದ ಯೆಟ್ಟೆಲ್ಲೇ ಉಳಿಯಬೇಕೆನ್ನುತ್ತಾಳೆ. ಮೊದಲು ಸಮಾಧಾನ ಹೇಳುತ್ತಿದ್ದ ಗಂಡನೇ ಹೊರಡಬೇಕೆನ್ನುತ್ತಾನೆ. ಈ ತಿರುವು ಹೇಗಾಯಿತೆಂದು ಚಿತ್ರ ಎಲ್ಲೂ ಭಾಷಣ ಮಾಡುವುದಿಲ್ಲ.

ನಮ್ಮ ತಕರಾರು ಒವೂರ್ ಬಗ್ಗೆ. ಸಿಡೇಡೆ ಒನ್ಯುಲೊ ಆ ಪಾತ್ರವನ್ನು ಎಷ್ಟು ಘನತೆಯಿಂದ ಮಾಡಿದ್ದಾರೆಂದರೆ ಚಿತ್ರಕಥೆಯ ಬಡತನ ಒಂದು ಗಂಟೆಯವರೆಗೆ ಕಾಣುವುದೇ ಇಲ್ಲ. ಆಮೇಲೆ ಕಾಣತೊಡಗುತ್ತದೆ. ಅವನಿಗೂ ಸಂಸಾರವಿದೆ ಎಂದು ಮಾತಿನಲ್ಲಿ ಬರುತ್ತದೆ, ಅವನ ಮನೆಯೊಳಗೆ ಕ್ಯಾಮೆರಾ ಕೂರುವುದಿಲ್ಲ. ಮಲೇರಿಯಾದಿಂದ ನರಳುವ ವಾಲ್ಟರನನ್ನು ಅವನು ಉಳಿಸುತ್ತಾನೆ, ಮಗುವನ್ನು ಸಾಕುತ್ತಾನೆ, ಜಮೀನಿನಿಂದ ಜಮೀನಿಗೆ ಇವರ ಹಿಂದೆಯೇ ಬರುತ್ತಾನೆ. ಅವನಿಗೆ ಏನು ಬೇಕಿತ್ತು ಎಂದು ಚಿತ್ರ ಕೇಳುವುದಿಲ್ಲ. ಒಳ್ಳೆಯ ಕರಿಯ, ಬುದ್ಧಿ ಕಲಿಯುವ ಬಿಳಿಯರು. 1985ರ 'ಔಟ್ ಆಫ್ ಆಫ್ರಿಕಾ'ದಿಂದ ನಡೆದುಬಂದ ಈ ಅಚ್ಚು ಇಲ್ಲೂ ಪೂರ್ತಿ ಒಡೆದಿಲ್ಲ.

ಹೀಗೆ ನಾವು ನ್ಯಾಯಾಧೀಶರ ಹಾಗೆ ಮಾತಾಡುತ್ತಿದ್ದಾಗ ಬಳಗದ ಹಿರಿಯರೊಬ್ಬರು ಒಂದು ದೃಶ್ಯ ನೆನಪಿಸಿದರು. ಬಂದ ಹೊಸತರಲ್ಲಿ ಯೆಟ್ಟೆಲ್ ಒವೂರ್‌ನೊಡನೆ ದರ್ಪದಿಂದ ನಡೆದುಕೊಳ್ಳುತ್ತಾಳೆ, ಅವನು ಜರ್ಮನ್ ಕಲಿಯಬೇಕೆಂದು ಬಯಸುತ್ತಾಳೆ. ವಾಲ್ಟರ್ ಸಿಟ್ಟಾಗಿ, ಅಲ್ಲಿ ನಮ್ಮನ್ನು ಹೇಗೆ ಕಂಡರೋ ಹಾಗೇ ನೀನು ಇವನನ್ನು ಕಾಣುತ್ತಿದ್ದೀಯ ಎಂಬರ್ಥದ ಮಾತಾಡುತ್ತಾನೆ. ಹಿರಿಯರು ಕೇಳಿದರು: "ನಮಗೆ ಬರುವ ಸ್ವಾಹಿಲಿ ಎಷ್ಟು? ಒಂದೊಂದೇ ಪದ ಹೇಳಿ." ಹೇಳಿದೆವು. ಲೆಟೆ, ತಾ. ವೆಕಾ, ಇಡು. ಫಾಗಿಯಾ, ಗುಡಿಸು. ಹರಕಾ, ಬೇಗ. ಬಡಾಯೆ, ಆಮೇಲೆ. ನಮ್ಮ ಸ್ವಾಹಿಲಿಯಲ್ಲಿ ಕ್ರಿಯಾಪದಗಳೆಲ್ಲ ಆಜ್ಞೆಗಳೇ. ಇಪ್ಪತ್ತು ವರ್ಷ ಈ ಊರಿನಲ್ಲಿದ್ದವರಿಗೂ ಆ ಭಾಷೆಯಲ್ಲಿ ಒಬ್ಬ ಮನುಷ್ಯನಿಗೆ ಸಮಾಧಾನ ಹೇಳಲು ಬರುವುದಿಲ್ಲ. ಒವೂರ್‌ನ ಮನೆಯೊಳಗೆ ಹೋಗದ ಕ್ಯಾಮೆರಾವನ್ನು ಬೈದ ನಾವು ನಮ್ಮ ಅಡುಗೆಮನೆಯಲ್ಲಿ ದುಡಿಯುವವರ ಮನೆ ನೋಡಿದ್ದೇವೆಯೇ ಎಂದು ಯಾರೂ ಕೇಳಲಿಲ್ಲ. ಅಂದು ಚಹಾ ಬೇಗ ಮುಗಿಯಿತು.

ಹಾಗಾಗಿ ಎರಡನೆಯ ಚಿತ್ರ ಈ ಊರಿನವರೇ ಮಾಡಿದ್ದಾಗಿರಲಿ ಎಂದುಕೊಂಡೆವು. ಕೀನ್ಯಾ ಆಸ್ಕರ್‌ಗೆ ಮೊತ್ತಮೊದಲು ಚಿತ್ರ ಕಳಿಸಿದ್ದು 2012ರಲ್ಲಿ, ಡೇವಿಡ್ ಟೋಶ್ ಗಿಟೊಂಗ ನಿರ್ದೇಶಿಸಿದ 'ನೈರೋಬಿ ಹಾಫ್ ಲೈಫ್'. ಹಿಂದಿನ ಹಣ, ತರಬೇತಿಯಲ್ಲಿ ಇಲ್ಲೂ ಜರ್ಮನ್ ಕೈಯಿದೆ, ನಿರ್ದೇಶಕ ಟಾಮ್ ಟಿಕ್ವರ್ ನಿರ್ಮಾಪಕರಲ್ಲೊಬ್ಬರು. ಆದರೆ ಕಣ್ಣು, ಕಿವಿ ಇಲ್ಲಿಯವೇ. ಮ್ವಾಸ್ ಎಂಬ ಹಳ್ಳಿ ಹುಡುಗ, ಸಿನಿಮಾ ಡಿವಿಡಿ ಮಾರುತ್ತ ಅವುಗಳ ದೃಶ್ಯಗಳನ್ನು ತಾನೇ ಅಭಿನಯಿಸಿ ತೋರಿಸುವವನು, ನಟನಾಗಲು ನೈರೋಬಿಗೆ ಬರುತ್ತಾನೆ. ಇಳಿದ ಕೂಡಲೇ ದೋಚಲ್ಪಡುತ್ತಾನೆ, ಅದೇ ದಿನ ಪೊಲೀಸ್ ಕೋಣೆ ಸೇರುತ್ತಾನೆ. ಮುಂದೆ ಕಾರಿನ ಬಿಡಿಭಾಗ ಕದಿಯುವ ಗುಂಪಿನಲ್ಲಿ ಒಂದು ಬದುಕು, ರಂಗಮಂದಿರದ ತಾಲೀಮಿನಲ್ಲಿ ಇನ್ನೊಂದು. ಮ್ವಾಸ್ ಆಗಿ ನಟಿಸಿದ ಜೋಸೆಫ್ ವೈರಿಮು ಅವರಿಗೆ ಡರ್ಬನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಪೊಲೀಸ್ ಕೋಣೆಯಲ್ಲಿ ಕೊಳೆತ ಶೌಚಾಲಯ ತೊಳೆಯಬೇಕಾಗಿ ಬರುವ ದೃಶ್ಯವೊಂದಕ್ಕೇ ಅದನ್ನು ಕೊಡಬಹುದಿತ್ತು. ಅವಮಾನವನ್ನು ಅವನು ಅಭಿನಯ ಮಾಡಿಕೊಂಡು ದಾಟುತ್ತಾನೆ, ಅವನು ನಟನೆಂದು ನಮಗೆ ಅಲ್ಲಿ ಖಾತ್ರಿಯಾಗುತ್ತದೆ.

ಈ ಚಿತ್ರದ ನಿಜವಾದ ನಾಯಕ ಭಾಷೆ. ಕಿಕುಯು, ಸ್ವಾಹಿಲಿ, ಇಂಗ್ಲಿಷ್, ಇವೆಲ್ಲವನ್ನು ಕಲಸಿ ಮುರಿದು ಹೊಲಿದ ಶೆಂಗ್. ಹಳ್ಳಿಯಲ್ಲೊಂದು ಮಾತು, ಕಳ್ಳರ ನಡುವೆ ಒಂದು, ನಾಟಕದವರ ಮುಂದೆ ಇನ್ನೊಂದು. ಮ್ವಾಸ್ ಯಾವ ಬದುಕಿನಲ್ಲಿದ್ದಾನೆಂದು ಅವನ ಬಾಯಿ ತೆರೆದ ಕೂಡಲೇ ತಿಳಿಯಬೇಕು. ಮಕ್ಕಳಿಗೆ ತಿಳಿಯುತ್ತಿತ್ತು. ನಮಗೆ ಕಂಡದ್ದು ಒಂದೇ ನಮೂನೆಯ ಬಿಳಿ ಇಂಗ್ಲಿಷ್ ಅಕ್ಷರಗಳು. ಇಂಗ್ಲಿಷ್ ಪದಗಳನ್ನೇ ತಿರುಚಿ ಮುರಿದು ಮಾಡಿದ ಶೆಂಗ್ ಮಾತನ್ನು ಅಕಾಡೆಮಿಯವರು ಶೇಕಡಾ ಎಷ್ಟು ಇಂಗ್ಲಿಷ್ ಎಂದು ಲೆಕ್ಕ ಹಾಕುತ್ತಾರೋ! ನಮ್ಮ ಬೆಂಗಳೂರು ಕನ್ನಡದ ಸಿನಿಮಾ ಕಳಿಸಿದರೂ ಅದೇ ಫಜೀತಿ.

ಅಂದಿನಿಂದ ಕೀನ್ಯಾ ಹಲವು ಸಲ ಕಳಿಸಿದೆ, ಒಂದೂ ಅಂತಿಮ ಐದಕ್ಕೆ ಬಂದಿಲ್ಲ. 2018ರ ಆಯ್ಕೆಯ ಕತೆ ಮಾತ್ರ ಹೇಳಲೇಬೇಕು. ವನೂರಿ ಕಹಿಯು ಅವರ 'ರಫಿಕಿ' ಆ ವರ್ಷ ಕಾನ್ ಚಿತ್ರೋತ್ಸವಕ್ಕೆ ಹೋದ ಮೊದಲ ಕೀನ್ಯಾ ಕಥಾಚಿತ್ರ. ಉಗಾಂಡದ ಮೋನಿಕಾ ಅರಾಕ್ ದ ನ್ಯೆಕೊ ಬರೆದ, 2007ರಲ್ಲಿ ಕೇನ್ ಪ್ರಶಸ್ತಿ ಪಡೆದ 'ಜಂಬುಲಾ ಟ್ರೀ' ಕತೆ ಅದಕ್ಕೆ ಆಧಾರ. ಜಂಬುಲಾ ಎಂದರೆ ನಮ್ಮ ನೇರಳೆ ಮರವೇ. ಇಬ್ಬರು ಹುಡುಗಿಯರ ಪ್ರೇಮದ ಕತೆ, ಕೊನೆ ಸುಖಕರವಾಗಿದೆ ಎಂದು ಸೆನ್ಸಾರಿನವರು ಅದನ್ನು ಏಪ್ರಿಲಿನಲ್ಲೇ ನಿಷೇಧಿಸಿದ್ದರು. ಆಸ್ಕರ್ ಆಯ್ಕೆಗೆ ತಾಯ್ನಾಡಿನಲ್ಲಿ ಏಳು ದಿನ ಪ್ರದರ್ಶನ ಕಾಣಬೇಕೆಂಬ ನಿಯಮ. ನಿರ್ದೇಶಕಿ ಕೋರ್ಟಿಗೆ ಹೋದರು. ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ವಿಲ್ಫ್ರಿಡಾ ಒಕ್ವಾನಿ ಸರಿಯಾಗಿ ಏಳು ದಿನಕ್ಕೆ ನಿಷೇಧ ತೆರವು ಮಾಡಿದರು. ಗೋಂಗ್ ರೋಡಿನ ಪ್ರೆಸ್ಟೀಜ್ ಚಿತ್ರಮಂದಿರದಲ್ಲಿ ಟಿಕೇಟು ಖಾಲಿ. ಆಯ್ಕೆ ಸಮಿತಿ ಕೊನೆಗೆ ಕಳಿಸಿದ್ದು 'ಸುಪಾ ಮೊಡೊ'ವನ್ನು. ನಿಷೇಧದ ವಿರುದ್ಧದ ಅರ್ಜಿಯನ್ನು 2020ರಲ್ಲಿ ಹೈಕೋರ್ಟು ವಜಾ ಮಾಡಿತು. ಆಸ್ಕರ್‌ನಿಂದ ಕೀನ್ಯಾಕ್ಕೆ ಆದ ಲಾಭ ಏನೆಂದು ಯಾರಾದರೂ ಕೇಳಿದರೆ ಆ ಏಳು ದಿನ ಎನ್ನುತ್ತೇವೆ. ನಮ್ಮಲ್ಲೂ ಈ ಚಿತ್ರದ ವಸ್ತು ಒಪ್ಪದವರಿದ್ದಾರೆ. ಆದರೆ 'ಸಂಸ್ಕಾರ'ವನ್ನು ಮದರಾಸಿನ ಸೆನ್ಸಾರ್ ಮಂಡಳಿ ನಿಷೇಧಿಸಿ, ಆಮೇಲೆ ಕೇಂದ್ರ ಸರ್ಕಾರ ಬಿಡುಗಡೆ ಮಾಡಿಸಿ, ಆಮೇಲೆ ಅದೇ ದೇಶ ಅದಕ್ಕೆ ಅತ್ಯುನ್ನತ ಪ್ರಶಸ್ತಿ ಕೊಟ್ಟದ್ದನ್ನು ಹೆಮ್ಮೆಯಿಂದ ಹೇಳುವ ನಾವು ಬೇರೆಯವರ ನಿಷೇಧಕ್ಕೆ ಚಪ್ಪಾಳೆ ತಟ್ಟುವುದು ಹೇಗೆ?

ಅಂದಹಾಗೆ 'ಸುಪಾ ಮೊಡೊ' ಕಡೆಗಣಿಸುವ ಚಿತ್ರವಲ್ಲ. ಲಿಕಾರಿಯನ್ ವೈನೈನಾ ನಿರ್ದೇಶನ. ಸಾಯಲಿರುವ ಪುಟ್ಟ ಹುಡುಗಿ ಜೋಗಾಗಿ ಇಡೀ ಹಳ್ಳಿ ಸೇರಿ ಅವಳನ್ನೇ ನಾಯಕಿ ಮಾಡಿ ಒಂದು ಸಿನಿಮಾ ತೆಗೆಯುತ್ತದೆ. ಅಳಿಸುತ್ತದೆ, ಆದರೆ ಕಣ್ಣೀರು ಹಿಂಡುವುದಿಲ್ಲ. ಚಿಕ್ಕ ಮಕ್ಕಳಿಗೂ ತೋರಿಸಿ.

ಇನ್ನು 'ಘಟಶ್ರಾದ್ಧ'. ಅನಂತಮೂರ್ತಿಯವರ ಕತೆ ಎಲ್ಲರೂ ಓದಿರುವಿರಿ. ಮಲೆನಾಡಿನ ವೇದಪಾಠಶಾಲೆ, ಉಡುಪರ ಮಗಳು ವಿಧವೆ ಯಮುನಾ, ಅವಳನ್ನು ಅಕ್ಕ ಎಂದು ನೆಚ್ಚಿಕೊಂಡ ಪುಟ್ಟ ವಟು ನಾಣಿ. ಅವಳು ಬಸಿರಾಗುತ್ತಾಳೆ, ಬದುಕಿರುವಾಗಲೇ ಅಪ್ಪ ಅವಳ ಶ್ರಾದ್ಧ ಮಾಡುತ್ತಾನೆ. ಕಾಸರವಳ್ಳಿಯವರ ಮೊದಲ ಕಥಾಚಿತ್ರ ಇದು, ಕಪ್ಪುಬಿಳುಪು. ಇಂಡಿಯಾದಲ್ಲಿ ಈ ಚಿತ್ರ ಬಂದ 1977ರಲ್ಲೇ ಇಲ್ಲಿ ಲಿಮುರು ಪಕ್ಕದ ಕಮಿರೀಥುವಿನಲ್ಲಿ ಗೂಗಿ ವಾ ಥಿಯಾಂಗೊ ರೈತರು ಕೂಲಿಗಳಿಂದ ಕಿಕುಯು ಭಾಷೆಯಲ್ಲಿ ನಾಟಕ ಆಡಿಸಿದರು, ಸರ್ಕಾರ ಅದನ್ನು ನಿಲ್ಲಿಸಿ ವರ್ಷದ ಕೊನೆಗೆ ಅವರನ್ನು ಜೈಲಿಗೆ ಹಾಕಿತು. ಎರಡಕ್ಕೂ ಸಂಬಂಧವಿಲ್ಲ, ನೆನಪಾಯಿತು ಬರೆದೆವು.

ಮೇಲೆ ಹೇಳಿದ 'ವಾಟರ್' ಕೂಡ ವಿಧವೆಯರದೇ ಕತೆ, ಅದೂ 1938ರದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂತಿಮ ಐದಕ್ಕೆ ಹೋದದ್ದು, ಇನ್ನೊಂದು ಊರೇ ಬಿಡದಿದ್ದದ್ದು ಯಾಕೆಂದು ಸ್ವಲ್ಪ ಅರ್ಥವಾಗುತ್ತದೆ. 'ವಾಟರ್' ಸುಂದರ ಚಿತ್ರ. ಮಳೆ ಸುಂದರ, ಹೊಳೆ ಸುಂದರ, ರೆಹಮಾನರ ಹಾಡು ಸುಂದರ. ಯಾವುದನ್ನೂ ಅದು ವಿವರಿಸದೆ ಬಿಡುವುದಿಲ್ಲ. ಕೊನೆಯಲ್ಲಿ ಗಾಂಧಿ ಬಂದ ರೈಲಿಗೆ ಬಾಲವಿಧವೆಯನ್ನು ಹತ್ತಿಸ��, ಇಷ್ಟು ವಿಧವೆಯರು ಭಾರತದಲ್ಲಿದ್ದಾರೆ ಎಂದು ತೆರೆಯ ಮೇಲೆ ಬರೆದು ಕಳಿಸುತ್ತದೆ. ವಾರಾಣಸಿಯಲ್ಲಿ 2000ದಲ್ಲಿ ಗಲಾಟೆ ಮಾಡಿ ಚಿತ್ರೀಕರಣ ನಿಲ್ಲಿಸಿದ್ದರಿಂದ ಅದನ್ನು ಮುಂದೆ ಶ್ರೀಲಂಕಾದಲ್ಲಿ ತೆಗೆದರು. ಪುಟ್ಟ ಚುಯಿಯಾ ಆಗಿ ನಟಿಸಿದ ಸಿಂಹಳ ಹುಡುಗಿ ಸರಳಾಗೆ ಹಿಂದಿ ಬರುತ್ತಿರಲಿಲ್ಲ, ಮಾತುಗಳನ್ನು ಬರೀ ಸದ್ದಾಗಿ ಕಲಿತು ಒಪ್ಪಿಸಿದಳು. ಅದ್ಭುತವಾಗಿ ಒಪ್ಪಿಸಿದಳು, ಹೊರಗಿನವರಿಗೆ ವ್ಯತ್ಯಾಸವೇ ತಿಳಿಯದು. ನಮ್ಮ ವಾದವೂ ಅದೇ: ಪರಭಾಷೆಯ ಬಹುಮಾನ ಕೊಡುವವರಿಗೆ ಭಾಷೆ ಕೇಳಿಸುವುದಿಲ್ಲ.

'ಘಟಶ್ರಾದ್ಧ'ದಲ್ಲಿ ರೈಲು ಬರುವುದಿಲ್ಲ. ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಾಳನ್ನು ಬಿಟ್ಟು ನಾಣಿ ಅಪ್ಪನ ಜೊತೆ ನಡೆದು ಹೋಗಬೇಕು. ಉಡುಪರು ಮರುಮದುವೆಯಾಗುತ್ತಾರಂತೆ, ಎಳೆ ಹುಡುಗಿಯನ್ನು, ಎಂಬ ಸುದ್ದಿ ಹಾದುಹೋಗುತ್ತದೆ. ಯಾರೂ ಏನನ್ನೂ ವಿವರಿಸುವುದಿಲ್ಲ. ಯಾರು ಯಾರಿಗೆ ಏಕವಚನ ಹಾಕಿದರು, ಯಾರು ನಿಲ್ಲಿಸಿದರು, ಮಡಿಯ ಮಾತು ಎಲ್ಲಿ ಬೈಗುಳವಾಯಿತು, ಅಷ್ಟರಲ್ಲೇ ಒಂದು ಊರು ಒಂದು ಹೆಣ್ಣನ್ನು ಕೊಂದು ಮುಗಿಸುತ್ತದೆ. ಕೆಳಗಿನ ಸಾಲಿನಲ್ಲಿ ಎಲ್ಲದಕ್ಕೂ ಒಂದೇ 'ಯೂ'. ಮಕ್ಕಳು ಓದಿದ್ದು ಆ 'ಯೂ'ವನ್ನು.

ಆದರೆ ಇಷ್ಟಕ್ಕೇ ತೀರ್ಪು ಕೊಟ್ಟು ಎದ್ದರೆ ಅನ್ಯಾಯ. ಇದೇ ಚಿತ್ರವನ್ನು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲಂ ಫೌಂಡೇಶನ್ ಮತ್ತು ಭಾರತದ ಫಿಲಂ ಹೆರಿಟೇಜ್ ಫೌಂಡೇಶನ್ ಸೇರಿ ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದವು. ಇದನ್ನು ಅಲ್ಲಿಗೆ ಕರೆದದ್ದು ಚಿತ್ರವೇ, ಯಾವ ದೇಶವೂ ಕಳಿಸಿದ್ದಲ್ಲ. ಅದೇ ವರ್ಷ ಮೈಸೂರಿನ ವೈದ್ಯ ಚಿದಾನಂದ ನಾಯಕ್ ಪುಣೆ ಫಿಲಂ ಇನ್ಸ್ಟಿಟ್ಯೂಟಿನಲ್ಲಿದ್ದಾಗ ತೆಗೆದ ಕನ್ನಡ ಕಿರುಚಿತ್ರ, ಊರಿನ ಹುಂಜ ಕದ್ದು ಬೆಳಗಾಗದಂತೆ ಮಾಡಿದ ಅಜ್ಜಿಯ ಕತೆ, ಕಾನ್‌ನಲ್ಲಿ ವಿದ್ಯಾರ್ಥಿ ಚಿತ್ರಗಳ ಮೊದಲ ಬಹುಮಾನ ಪಡೆದು ಆಸ್ಕರ್ ಕಿರುಚಿತ್ರ ವಿಭಾಗಕ್ಕೆ ಅರ್ಹವಾಯಿತು. ಅಂತಿಮ ಐದಕ್ಕೆ ಬರಲಿಲ್ಲ. ಆದರೆ ಆ ಬಾಗಿಲಲ್ಲಿ ಬಾವುಟ ಕೇಳುವುದಿಲ್ಲ, ಹಾಗಾಗಿ ಕನ್ನಡ ಅಲ್ಲಿವರೆಗೆ ನಡೆದು ಹೋಯಿತು. ಅಜ್ಜಿಯ ಹುಂಜ ದೆಹಲಿ ಮುಂಬಯಿ ದಾರಿ ಹಿಡಿದಿದ್ದರೆ ಎಲ್ಲಿರುತ್ತಿತ್ತೋ.

ಮೂರನೆಯ ಸಂಜೆ ಚಿತ್ರ ಮುಗಿದ ಮೇಲೆ ಹದಿನಾಲ್ಕರ ಹುಡುಗಿಯೊಬ್ಬಳು, ಇಂಗ್ಲಿಷಿನಲ್ಲೇ, ಕೇಳಿದಳು: ಇದನ್ನು ನೀವು ಸಬ್‌ಟೈಟಲ್ ಇಲ್ಲದೆ ನೋಡುತ್ತೀರಿ, ಹಾಗಾದರೆ ನಾವು ಯಾವ ಚಿತ್ರ ನೋಡಿದೆವು? ಅವಳ ಅಪ್ಪ ಅಮ್ಮ ಇಬ್ಬರೂ ಕನ್ನಡ ಓದುವವರು, ಮನೆ ತುಂಬ ಪುಸ್ತಕ. ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಒಬ್ಬರು, ಉತ್ತರ ಬೇಡ, ಕೆಲಸ ಮಾಡೋಣ ಎಂದರು. ಮಕ್ಕಳು 'ನೈರೋಬಿ ಹಾಫ್ ಲೈಫ್'ನ ಶೆಂಗ್ ಮಾತಿನ ಅರ್ಥ ಹೇಳಬೇಕು, ನಾವು ಅದಕ್ಕೆ ಕನ್ನಡ ಸಾಲು ಬರೆಯಬೇಕು, ಅವರು ಅದನ್ನು ಓದಿ ಸರಿಯೋ ತಪ್ಪೋ ನೋಡಬೇಕು. ಓದಲು ಅಕ್ಷರ ಬೇಕಲ್ಲ? ಬೇಕು. ಅದೂ ಶುರುವಾಗಿದೆ.

ಎರಡು ಭಾನುವಾರ ಕೂತಿದ್ದೇವೆ. 'ಸಾಸಾ' ಎಂಬ ಒಂದು ಪದಕ್ಕೇ ಅರ್ಧ ಗಂಟೆ ಹೋಯಿತು: ಹುಬ್ಬಳ್ಳಿಯವರು "ಏನಪಾ", ಬೆಂಗಳೂರಿನವರು "ಏನ್ ಮಗಾ", ಮಂಗಳೂರಿನವರು "ಎಂತ ಮಾರಾಯ". ಪೊಲೀಸರಿಗೆ ಶೆಂಗ್‌ನಲ್ಲಿ 'ಕರಾವೊ' ಎನ್ನುತ್ತಾರಂತೆ. 'ಮಾಮ' ಎಂದು ಬರೆದೆವು. ನಮ್ಮ ಕಡೆ ಮಾಮ ಎಂದರೆ ಸೋದರಮಾವ, ಅವನನ್ನು ಯಾಕೆ ಠಾಣೆಗೆ ಕರೆಯುತ್ತೀರಿ ಎಂದು ದಕ್ಷಿಣ ಕನ್ನಡದವರ ಆಕ್ಷೇಪ. ಮಕ್ಕಳು ಬಿದ್ದು ಬಿದ್ದು ನಕ್ಕರು, ಈ ಸಲ ನಮ್ಮ ಜೊತೆಗೇ. ಪೊಲೀಸ್ ಕೋಣೆಯ ದೃಶ್ಯದವರೆಗೆ ಬಂದಿದ್ದೇವೆ. ಅಲ್ಲಿನ ಬೈಗುಳಗಳನ್ನು ಮಕ್ಕಳು ವಿವರಿಸಲು ಒಪ್ಪುತ್ತಿಲ್ಲ, ಅಥವಾ ಅವರಪ್ಪಂದಿರು ಬಿಡುತ್ತಿಲ್ಲ. ಶೆಂಗ್ ಬಲ್ಲ ದೊಡ್ಡವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಮುಂದಿನ ಕೂಟಕ್ಕೆ ಕರೆತನ್ನಿ. ಸಂಜೆ ನಾಲ್ಕಕ್ಕೆ, ಪಾರ್ಕ್‌ಲ್ಯಾಂಡ್ಸ್ ಮನೆಯಲ್ಲೇ. ಚಿತ್ರಾನ್ನ ಇರುತ್ತದೆ.